ಚಾರಾಣೆಯ ಘೇಂಡಾಮೃಗ

ನಮ್ಮ ಆಭರಣದ ಪಂದ್ಯಕ್ಕೆ ಇರುವ ಕರಾರು ಇಷ್ಟೇ: ಪುಡಿಕೆಯಲ್ಲಿ ಬಂದದ್ದೆಲ್ಲ ಬಳಕೆಯಾಗಬೇಕು, ಹೊರಗಿನ ಒಂದು ಮಣಿಯೂ ಸೇರಕೂಡದು, ಸರಾಫ್ ಬಜಾರದ ಕಡೆ ತಿರುಗಿಯೂ ನೋಡಬಾರದು. ತಿಂಗಳಿಗೊಮ್ಮೆ ಪುಡಿಕೆ ಕಟ್ಟುವ ಹಕ್ಕು ಹಿಂದಿನ ಸಲ ಸೋತವರದು. ಹೀಗಾಗಿ ಅದರಲ್ಲಿ ಸೌಂದರ್ಯಕ್ಕಿಂತ ಸೇಡೇ ಹೆಚ್ಚು. ಆಡುವವರು ಮೂವರು: ವಿಜಯಪುರದ ನಾನು, ತಿಕೋಟಾದ ವೈನಿ, ಬಬಲೇಶ್ವರದ ಅಕ್ಕ.

ಹೊಸ ವಿನ್ಯಾಸ ಬೇಕೆಂದರೆ ಹೊಟ್ಟೆಯ ಕಡೆ ನೋಡುವುದು ನಮ್ಮ ಸೀಮೆಯ ಹಳೆಯ ಚಾಳಿ. ಬೋರೆಹಣ್ಣಿನ ಆಕಾರಕ್ಕೆ ಬೋರಮಾಳ, ಅವಲಕ್ಕಿಯ ಹೆಸರಲ್ಲಿ ಅವಲಕ್ಕಿ ಸರ. ದ್ರಾಕ್ಷಿಯ ಊರಿನ ವೈನಿ ಸುಮ್ಮನಿದ್ದಾರೆಯೇ? ತಾಮ್ರದ ತಗಡಿನ ಚೂರು ಕಳಿಸಿ, "ಒಣದ್ರಾಕ್ಷಿ ಮಾಡ್ರಿ" ಅಂದರು. ಲೋಕವೆಲ್ಲ ಲೋಹ ತಿಕ್ಕಿ ನುಣುಪು ಮಾಡುತ್ತಿರುವಾಗ ನಾವು ಸುಕ್ಕು ಹಿಡಿಸುತ್ತ ಕುಳಿತೆವು. ಅಕ್ಕ ತಗಡನ್ನು ಕೆಂಪಗೆ ಕಾಸಿ ನೀರಿಗದ್ದಿದಳು. ಹಾಗೆ ಕಾಸಿದ ತಾಮ್ರ ಹೇಳಿದಂತೆ ಬಗ್ಗುತ್ತದೆ. ಬಗ್ಗಿಸುತ್ತಲೇ ಹೋದರೆ ಮತ್ತೆ ಬಿರುಸಾಗಿ ಪಟ್ಟನೆ ಮುರಿಯುತ್ತದೆ. "ಥೇಟ್ ನಿಮ್ಮ ಮಾವನ ಹಂಗ ನೋಡವಾ," ಅಂದಳು.

ಅಕ್ಕನ ಸೇಡು ಬಂದದ್ದು ಚಾರಾಣೆಯ ರೂಪದಲ್ಲಿ. 2011ರ ಜೂನ್ 30ಕ್ಕೆ ಸರಕಾರ ಮನೆಗೆ ಕಳಿಸಿದ ಈ ನಾಣ್ಯ ಲಂಬಾಣಿ ಹೆಣ್ಣುಮಕ್ಕಳ ಕೊರಳಲ್ಲಿ ಇನ್ನೂ ಡ್ಯೂಟಿಯ ಮೇಲಿದೆ. ಕವಡೆ, ಕನ್ನಡಿ, ಗುಂಡಿ, ಗೆಜ್ಜೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಮೈಮೇಲೆ ಜಾಗ ಹುಡುಕಿದವರು ಅವರು. ನಾವು ಪಂದ್ಯ ಅನ್ನುವುದನ್ನು ಅವರು ತಲೆತಲಾಂತರದಿಂದ ಬಹುಮಾನವಿಲ್ಲದೆ ಆಡುತ್ತಿದ್ದಾರೆ. ತೋಳಿನವರೆಗೆ ಏರುವ ಬಿಳಿ ಬಳೆ ಹಿಂದೆ ದಂತದ್ದು, ಈಗ ಪ್ಲಾಸ್ಟಿಕ್ಕಿನದು. ಗತ್ತು ಮಾತ್ರ ದಂತದ್ದೇ.

ಚಾರಾಣೆಯಲ್ಲೂ ಒಳಪಂಗಡಗಳಿವೆ. ಹಳೆಯ ತಾಮ್ರ-ನಿಕ್ಕಲಿನದು ಡ್ರಿಲ್ಲಿಗೆ ಮರ್ಯಾದೆ ಕೊಡುತ್ತದೆ. 1988ರಿಂದ ಬಂದ ಘೇಂಡಾಮೃಗದ್ದು ಸ್ಟೇನ್‌ಲೆಸ್ ಸ್ಟೀಲು. ತೂತು ಕೊರೆಯಲು ಹೋದರೆ ಬಿಟ್ಟಿನ ಮೂತಿಯೇ ಮೊಂಡು. ಟಂಕಸಾಲೆಯವರು ಪ್ರಾಣಿಯನ್ನು ಸುಮ್ಮನೆ ಆರಿಸಿರಲಿಕ್ಕಿಲ್ಲ. ತೂತಿನ ಹಟ ಬಿಟ್ಟು ನಾಣ್ಯದ ಸುತ್ತ ತಂತಿಯ ಗೂಡು ಹೆಣೆದೆ, ಅಂಚಿಗೆ ಕೆಂಪು ಮಣಿ ಪೋಣಿಸಿದೆ, ಒಂದಕ್ಕೊಂದು ತಾಗುವಂತೆ ಇಳಿಬಿಟ್ಟೆ.

ಅಕ್ಕನ ತೋಳಬಂದಿ ಸುಮಾರಾಗಿತ್ತು. ವೈನಿ ಮಾತ್ರ ಗೋಳಗುಮ್ಮಟದ ಜುಮಕಿಯನ್ನೇ ಕಟ್ಟಿ ತಂದಿದ್ದರು! ತಂತಿಯ ಗುಮ್ಮಟ, ಅದರ ಬುಡಕ್ಕೆ ಮಣಿಯಲ್ಲಿ ಕಮಲದೆಸಳು, ಕೆಳಗೆ ನೆಲಗಟ್ಟಾಗಿ ಬಿಗಿಯಾಗಿ ಕೂತ ಚಾರಾಣೆ. "ಒಳಗ ಕೂಗಿದ್ರ ಏಳು ಸಲ ಕೇಳಸ್ತದ," ಎಂದು ಬೀಗಿದರು.

"ಗಂಡನ ಮಾತು ಒಂದು ಸಲ ಕೇಳೂದ ತ್ರಾಸ," ಅಂದಳು ಅಕ್ಕ, "ಇದನ್ನ ಕಿವ್ಯಾಗ ಹಾಕ್ಕೊಂಡು ಸಂಸಾರ ಹ್ಯಾಂಗ ಮಾಡೂದ್ರಿ ವೈನಿ?"

ತೀರ್ಪಿಗೆ ಕೂರಿಸಿದ್ದು ಲಂಬಾಣಿ ತಾಂಡಾದಿಂದ ಪ್ಯಾಟಿಗೆ ಬಂದಿದ್ದ ಹಿರಿಯ ಯಾಡಿಯೊಬ್ಬಳನ್ನು, ಅಂದರೆ ಅವರ ಮಾತಲ್ಲಿ ತಾಯಿಯೊಬ್ಬಳನ್ನು. ಆಕೆ ಬಣ್ಣ ನೋಡಲಿಲ್ಲ, ನಾಜೂಕು ನೋಡಲಿಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ನನ್ನ ಸರ ಝಣ್ಣೆಂದಿತು. ಗುಮ್ಮಟವನ್ನು ಮತ್ತೆ ಮತ್ತೆ ಅಲುಗಾಡಿಸಿದಳು.

"ಏಳು ಸಲ ಅಂದ್ರಿ, ಒಂದು ಸಲಾನೂ ನುಡೀವಲ್ದಲ್ಲ!"

ಘೇಂಡಾಮೃಗ ಗೆದ್ದಿತು. ವೈನಿ ಮೂಲೆಯಲ್ಲಿ ಕೂತು ಜುಮಕಿಗೆ ಬಾಯಿ ಹಚ್ಚಿ ಏನೋ ಕೂಗಿ ಕೂಗಿ ನೋಡುತ್ತಿದ್ದರು.