ಎಲೆಕ್ಟ್ರೊಲೈಟ್ ಪಂಡಿತರಿಗೆ ರಾಮನಗರದಿಂದ ಆಹ್ವಾನ

ಎಲೆಕ್ಟ್ರೊಲೈಟ್ ದ್ರಾವಣಗಳ ಭೌತರಸಾಯನಶಾಸ್ತ್ರದಲ್ಲಿ ಪಾರಂಗತರಾಗಿ, ಮುಂದಿನ ಸಮ್ಮೇಳನಕ್ಕೆ ಊರು ಹುಡುಕುತ್ತಿರುವ ವಿದ್ವಾಂಸರೇ,

ತಣ್ಣನೆಯ ಸಭಾಂಗಣದಲ್ಲಿ ಕೂತು, ಭಟ್ಟಿ ಇಳಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿದ ಕಥೆಯನ್ನೇ ನೀವು ವರ್ಷ ವರ್ಷವೂ ಹೇಳಿಕೊಳ್ಳುವುದನ್ನು ಕಂಡು ನಮಗೆ ಮರುಕವಾಗಿದೆ. ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ಈಚೆ ಬನ್ನಿ, ಇಡೀ ಜಿಲ್ಲೆಯೇ ದ್ರಾವಣ. ಸ್ಯಾಂಪಲ್ ಹೊತ್ತು ತರುವ ತಾಪತ್ರಯವಿಲ್ಲ. ರಾಜಧಾನಿ ಅದನ್ನು ಹಗಲು ರಾತ್ರಿ, ಸಾಗಣೆ ವೆಚ್ಚವಿಲ್ಲದೆ, ವೃಷಭಾವತಿ ನದಿಯಲ್ಲಿ ಕಳಿಸಿಕೊಡುತ್ತಲೇ ಇದೆ. ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದದ್ದು 2025ರಲ್ಲಿ. ಬೆಂಗಳೂರಿನ ಕೊಳಚೆ ಅಷ್ಟೊಂದು ತಡಮಾಡಿರಲಿಲ್ಲ.

ಉದ್ಘಾಟನೆ ಬಿಡದಿ ಪಕ್ಕದ ಬೈರಮಂಗಲ ಕೆರೆಯ ಏರಿಯ ಮೇಲಿರಲಿ. ಬಟ್ಟೆ ಸೋಪಿನ ಅಯಾನು, ಕಾರ್ಖಾನೆಯ ಲೋಹದ ಅಯಾನು, ಬಚ್ಚಲಿನ ಸೋಡಿಯಂ ಎಲ್ಲ ಅಲ್ಲಿ ಸಹಪಂಕ್ತಿಯಲ್ಲಿ ಕೂತಿರುತ್ತವೆ. ನೊರೆ ವೇದಿಕೆಯ ಅಲಂಕಾರಕ್ಕಾಯಿತು. ಅಲ್ಲಿಂದ ಆ ನೀರು ಅರ್ಕಾವತಿಯನ್ನು ಸೇರಿ, ಕನಕಪುರ ತಾಲ್ಲೂಕಿನ ಹಾರೋಬೆಲೆ ಜಲಾಶಯ ದಾಟಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಅಷ್ಟು ಹೊತ್ತಿಗೆ ಎಲ್ಲ ತೆಳುವಾಗಿ ಸರಿಹೋಗಿರುತ್ತದೆ ಎಂಬುದು ನಗರದ ನಂಬಿಕೆ. ನಿಮ್ಮ ಶಾಸ್ತ್ರದಲ್ಲೂ ಇಂಥದೊಂದಿದೆ: ಅನಂತ ಸಾರರಿಕ್ತತೆ. ನೀರು ಬೆರೆಸುತ್ತಾ ಹೋದರೆ ಒಂದು ಅಯಾನಿನ ಕಾಟ ಇನ್ನೊಂದಕ್ಕೆ ತಪ್ಪಿ, ಎಲ್ಲವೂ ಆದರ್ಶವಾಗಿ ನಡೆದುಕೊಳ್ಳುತ್ತವಂತೆ. ನೀವು ಈ ಪ್ರಯೋಗವನ್ನು ಕಾಗದದ ಮೇಲೆ ಮಾಡುತ್ತೀರಿ, ನಗರ ನಮ್ಮ ಮೇಲೆ ಮಾಡುತ್ತದೆ.

ಮಾಗಡಿಯವರು ಮುನಿಸಿಕೊಳ್ಳದಂತೆ ತಿಪ್ಪಗೊಂಡನಹಳ್ಳಿಯಲ್ಲೂ ಒಂದು ಗೋಷ್ಠಿ ಬೇಕು. ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ 1933ರಲ್ಲಿ ಸಿದ್ಧವಾದ ಆ ಜಲಾಶಯದ ನೀರನ್ನು ಬೆಂಗಳೂರು ದಶಕಗಳ ಕಾಲ ಕುಡಿಯಿತು, ಆಮೇಲೆ ಕೆಡಿಸಿತು, 2012ರಲ್ಲಿ ಕೆಟ್ಟಿದೆ ಎಂದು ಬಿಟ್ಟಿತು. ಚನ್ನಪಟ್ಟಣಕ್ಕೆ ಪಾತ್ರ ಹುಡುಕುವುದೇ ಕಷ್ಟ. ಅವರು ಗೊಂಬೆ ಮಾಡುವ ಹಾಲೆಮರಕ್ಕೆ ಹಚ್ಚುವ ಅರಗು ನೀರಿನಲ್ಲಿ ಕರಗುವುದೇ ಇಲ್ಲ. ಸ್ಮರಣಿಕೆಯ ಜವಾಬ್ದಾರಿ ಅವರಿಗಿರಲಿ. ರಾಮನಗರದ ರೇಷ್ಮೆ ರೀಲರ್‌ಗಳಿಗೆ ಮಾತ್ರ ಮೈಕು ಕೊಡಲೇಬೇಕು. ಗೂಡು ಬೇಯಿಸುವ ನೀರು ಗಡಸಾದರೆ ಅಂಟು ಹೇಗೆ ಬಿಡುತ್ತದೆ, ನೂಲಿನ ಹೊಳಪು ಎಲ್ಲಿ ಹೋಗುತ್ತದೆ ಎಂಬುದನ್ನು ಅವರು ಬಿಸಿ ನೀರಿಗೆ ಬೆರಳದ್ದಿ ಕಲಿತಿದ್ದಾರೆ.

ಪ್ರಾತ್ಯಕ್ಷಿಕೆಗೂ ಹೊರಗಿನವರು ಬೇಡ. ಫಿಲ್ಟರ್ ಮಾರುವ ಹುಡುಗರು ಟೈ ಕಟ್ಟಿಕೊಂಡು ಬಂದು ಮನೆಮನೆಯಲ್ಲೂ ಅದನ್ನೇ ಮಾಡುತ್ತಾರೆ. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಸ್ವಿಚ್ ಒತ್ತುತ್ತಾರೆ. ನಮ್ಮ ಲೋಟದಲ್ಲಿ ಕಂದು ಬಗ್ಗಡ ಏಳುತ್ತದೆ. "ಅಯ್ಯೋ, ಇಷ್ಟು ದಿನ ಇದನ್ನಾ ಕುಡಿದದ್ದು!" ಎನ್ನುವಷ್ಟರಲ್ಲಿ ರಸೀದಿ ಪುಸ್ತಕ ಹೊರಬರುತ್ತದೆ. ಬಗ್ಗಡ ನೀರಿನದಲ್ಲ, ಕರಗಿದ ಕಬ್ಬಿಣದ ಕಡ್ಡಿಯದು. ಲವಣವಿರುವ ನೀರಿನಲ್ಲಿ ಕರೆಂಟ್ ಹಾಯುತ್ತದೆ, ಲವಣ ತೆಗೆದದ್ದರಲ್ಲಿ ಹಾಯುವುದಿಲ್ಲ, ಅಷ್ಟೇ. ಅವರ ಲೋಟಕ್ಕೂ ಚಿಟಿಕೆ ಉಪ್ಪು ಹಾಕಿದರೆ ಗುಟ್ಟು ರಟ್ಟು. ಏನೇ ಹೇಳಿ, ಫ್ಯಾರಡೆಯ ನಿಯಮವನ್ನು ಕಂತಿನ ಮೇಲೆ ಮಾರುವುದು ಸಣ್ಣ ಸಾಧನೆಯಲ್ಲ.

ಅದೇ ಹುಡುಗನ ಜೇಬಿನಲ್ಲಿ ಪೆನ್ನಿನಂಥ ಟಿಡಿಎಸ್ ಮೀಟರ್ ಇರುತ್ತದೆ. ಅದು ಅಳೆಯುವುದು ನೀರಿನ ವಾಹಕತೆಯನ್ನು. ಅದನ್ನೊಂದು ಅಂದಾಜು ಅಂಕಿಯಿಂದ ಗುಣಿಸಿ ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಎಂದು ತೀರ್ಪು ಕೊಡುತ್ತದೆ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ 500 ಸರಿ, ಬೇರೆ ನೀರೇ ಸಿಗದಿದ್ದರೆ 2000ದವರೆಗೆ ನಡೆಯುತ್ತದೆ. ಫ್ಲೋರೈಡಿಗೆ ಮಾತ್ರ 1, ಹೆಚ್ಚೆಂದರೆ 1.5. ಮೀಟರು 700ರ ಬದಲು 703 ತೋರಿಸಿದರೆ ಆ ಮೂರು ಯಾರೆಂದು ಕೇಳುವವರಿಲ್ಲ. ಗಬ್ಬರ್ ಸಿಂಗ್ ಮೆರೆದ ನಮ್ಮ ಬಂಡೆಗಳನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಶಿಲೆಯ ಬಯೋಟೈಟ್, ಅಪಟೈಟ್ ಖನಿಜಗಳಿಂದಲೇ ಫ್ಲೋರೈಡ್ ಕೊಳವೆ ಬಾವಿಗೆ ಇಳಿಯುವುದು. ಕೊರೆದಷ್ಟೂ ಆಳ, ಆಳದಲ್ಲಿ ನೀರು ಬಂಡೆಯ ಜೊತೆ ಕಳೆದ ಕಾಲವೂ ದೀರ್ಘ.

ಇನ್ನು ನಿಮ್ಮ ಸಿದ್ಧಾಂತಕ್ಕೆ ಬರೋಣ. ಕಲ್ಕತ್ತಾದ ಜ್ಞಾನಚಂದ್ರ ಘೋಷ್ 1918ರಲ್ಲಿ, ದ್ರಾವಣದಲ್ಲೂ ಅಯಾನುಗಳು ಹರಳಿನಲ್ಲಿದ್ದಂತೆ ಶಿಸ್ತಾಗಿ ನಿಂತಿರುತ್ತವೆ ಎಂದು ಲೆಕ್ಕ ಹಾಕಿದರು. ಮುಂದೆ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಅವರೇ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಆ ಶಿಸ್ತನ್ನು ಒಡೆದರು: ಪ್ರತಿ ಅಯಾನಿನ ಸುತ್ತಲೂ ವಿರುದ್ಧ ಆವೇಶದವರ ಗುಂಪು, ನಾಯಕ ಮುಂದೆ ಹೆಜ್ಜೆಯಿಟ್ಟರೆ ಗುಂಪು ಹಿಂದಕ್ಕೆಳೆಯುತ್ತದೆ. ಇಷ್ಟೊಂದು ಮುಖ್ಯಮಂತ್ರಿಗಳನ್ನು ಗೆಲ್ಲಿಸಿ ಕಳಿಸಿದ ಜಿಲ್ಲೆಗೆ ಇದನ್ನು ಸಮೀಕರಣ ಬರೆದು ವಿವರಿಸಬೇಕಾಗಿಲ್ಲ. ಆದರೆ ಅವರ ಮಿತಿ ನಿಯಮ ನಂಬಿಕೆಗೆ ಅರ್ಹವಾಗಿರುವುದು ಅಯಾನು ಬಲ 0.001ರ ಆಸುಪಾಸಿನವರೆಗೆ. ಲೀಟರಿಗೆ 1000 ಮಿಲಿಗ್ರಾಂ ಲವಣವಿರುವ ಕೊಳವೆ ಬಾವಿಯ ನೀರಿನದು ಸುಮಾರು 0.025. ನಮ್ಮ ಬಿಂದಿಗೆಯ ಹತ್ತಿರ ಬರುವ ಮೊದಲೇ ನಿಯಮ ಸುಸ್ತು. ಇನ್ನೊಂದು ವಿಷಯ: ಆ ನಿಯಮ ಅಯಾನಿನ ಜಾತಿ ಕೇಳುವುದಿಲ್ಲ, ಆವೇಶವನ್ನಷ್ಟೇ ಕೇಳುತ್ತದೆ. ಫ್ಲೋರೈಡೂ ಒಂದೇ, ಕ್ಲೋರೈಡೂ ಒಂದೇ. ಸಿದ್ಧಾಂತಕ್ಕೆ ಅದು ಭೂಷಣ. ನಮ್ಮ ಹಲ್ಲು, ಮೊಣಕಾಲು ಅಷ್ಟು ವಿಶಾಲ ಮನೋಭಾವದವಲ್ಲ.

ಜಾತಿ ಕೇಳುವ ಕಡ್ಡಿಯೂ ನಿಮ್ಮಲ್ಲಿದೆ ಎಂದು ಬಲ್ಲೆವು. ಲ್ಯಾಂಥನಮ್ ಫ್ಲೋರೈಡ್ ಹರಳಿನ ವಿದ್ಯುದ್ವಾರ, 1966ರಿಂದ ಬಳಕೆಯಲ್ಲಿದೆ. ಕ್ಲೋರೈಡಿನ ಸಂತೆಯ ನಡುವೆಯೂ ಅದು ಫ್ಲೋರೈಡನ್ನೇ ಹಿಡಿದು ತೋರಿಸುತ್ತದೆ. ಅಳೆಯುವ ಮುನ್ನ ಎಲ್ಲ ಸ್ಯಾಂಪಲ್ಲಿನ ಅಯಾನು ಬಲವನ್ನು ಸಮ ಮಾಡುವ ದ್ರಾವಣ ಬೆರೆಸಬೇಕಂತೆ. ನೋಡಿ, ನಿಮ್ಮ ವಿದ್ಯೆ ಇಲ್ಲಿ ಎಷ್ಟು ಚೆನ್ನಾಗಿ ಕೆಲಸಕ್ಕೆ ಬಂತು! ಸಮಾರೋಪದಲ್ಲಿ ಪೇಟ, ಶಾಲು, ಹಣ್ಣಿನ ಬುಟ್ಟಿ ನಮ್ಮದು. ಹೊರಡುವಾಗ ಹೋಬಳಿಗೊಂದು ಹೈಸ್ಕೂಲಿನಂತೆ ಆ ಕಡ್ಡಿಯನ್ನೂ, ಅಳೆಯಲು ಕಲಿಸುವ ನಿಮ್ಮ ಒಬ್ಬ ವಿದ್ಯಾರ್ಥಿಯನ್ನೂ ಬಿಟ್ಟು ಹೋಗಿ.

ಮಧ್ಯಾಹ್ನ ಮುದ್ದೆ, ಬಸ್ಸಾರು. ಪ್ರತಿನಿಧಿಗಳು ಬಾಟಲಿ ನೀರು ತರುವಂತಿಲ್ಲ.

ಇಂತಿ,
ತಮ್ಮ ಸ್ಯಾಂಪಲ್‌ಗಳ ನಿತ್ಯ ಬಳಕೆದಾರ,
ರಾಮನಗರ