ಫೋರ್ ಸ್ಟ್ರೋಕ್ ಸಂದರ್ಶನ ಮೀಮಾಂಸೆ

ಮಂಗಳಾಚರಣೆ: ಅಕ್ಕಲಕೋಟೆಯ ಸ್ವಾಮಿ ಸಮರ್ಥರಿಗೂ ಸೊನ್ನಲಿಗೆಯ ಸಿದ್ಧರಾಮನಿಗೂ ವಂದಿಸಿ, ದೊಡ್ಡ ಮೋಟಾರು ಕಂಪನಿಗಳ ನೌಕರಿ ಸಂದರ್ಶನವೆಂಬ ಗಹನ ವಿಷಯವನ್ನು ಇಲ್ಲಿ ವಿಚಾರಿಸಲಾಗಿದೆ.

ವಿಷಯ: 1876ರಲ್ಲಿ ಜರ್ಮನಿಯ ನಿಕೋಲಾಸ್ ಒಟ್ಟೊ ಫೋರ್ ಸ್ಟ್ರೋಕ್ ಎಂಜಿನ್ ಓಡಿಸಿ ತೋರಿಸಿದ. ಟೂ ಸ್ಟ್ರೋಕಿಗೂ ಅದಕ್ಕೂ ಏನು ವ್ಯತ್ಯಾಸವೆಂದು ಪಿಂಪ್ರಿ-ಚಾಕಣದ ಸಂದರ್ಶನ ಸಮಿತಿಗಳು ಇಂದಿಗೂ ಕೇಳುತ್ತಲೇ ಇವೆ. ಸಂದರ್ಶನವೇ ಒಂದು ಫೋರ್ ಸ್ಟ್ರೋಕ್ ಎಂಜಿನ್ ಎಂಬುದು ಮಾತ್ರ ಪೂರ್ವಸೂರಿಗಳ ಗಮನಕ್ಕೆ ಬಂದಿಲ್ಲ.

ಪ್ರಥಮ ಸ್ಟ್ರೋಕ್, ಹೀರುವುದು: ಕರೆಪತ್ರ ಬರುತ್ತದೆ. ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಎಸ್‌ಟಿ, ಅಲ್ಲಿಂದ ಪುಣೆಗೆ ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್. ಚೀಲದಲ್ಲಿ ಸರ್ಟಿಫಿಕೇಟು, ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಮರಳುವಾಗ ಕೆಲವರು ರೈಲಿನ ಹೆಸರನ್ನು ತಮಗೇ ಅನ್ವಯಿಸಿಕೊಳ್ಳುವುದುಂಟು. ಇದು ಅಪಪ್ರಯೋಗ. ಆ ಹೆಸರು 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿದ ಸೋಲಾಪುರದ ನಾಲ್ವರು ಸ್ವಾತಂತ್ರ್ಯ ಹೋರಾಟಗಾರರಿಗೆ ಸಲ್ಲತಕ್ಕದ್ದು.

ದ್ವಿತೀಯ, ಒತ್ತುವುದು: ಒಂದು ಕೋಣೆ, ಎಪ್ಪತ್ತು ಅಭ್ಯರ್ಥಿಗಳು, ಎರಡು ಹುದ್ದೆ. ಗೆಳೆಯನಿಂದ ತಂದ ಟೈ ಕೊರಳನ್ನು ಒತ್ತಿದರೆ, ಪಕ್ಕದವನ ಇಂಗ್ಲಿಷು ಎದೆಯನ್ನು ಒತ್ತುತ್ತದೆ.

ತೃತೀಯ, ಸ್ಫೋಟ: 'ನಿಮ್ಮ ಬಗ್ಗೆ ಹೇಳಿ' ಎಂಬುದೇ ಕಿಡಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡಿದವನು ಇಲ್ಲಿ ನಾಲ್ಕನೆಯ ಭಾಷೆಯಲ್ಲಿ ಸ್ಫೋಟಿಸಬೇಕು. 'ಮಹಾರಾಷ್ಟ್ರದವರು, ಕನ್ನಡ ಹೇಗೆ?' ಎಂಬ ಉಪಪ್ರಶ್ನೆಯೂ ಇದೆ. ಇದಕ್ಕೆ ಉತ್ತರಿಸಲು ಗಡಿ ವಿವಾದ ವಿಚಾರಿಸಿದ ಮಹಾಜನ ಆಯೋಗಕ್ಕೆ 1967ರಲ್ಲಿ ಇಡೀ ವರದಿಯೇ ಬೇಕಾಯಿತು. ಅದರ ಶಿಫಾರಸು ಇನ್ನೂ ಜಾರಿಯಾಗಿಲ್ಲ. ಅಭ್ಯರ್ಥಿಗೆ ಸಿಗುವುದು ಅರ್ಧ ನಿಮಿಷ.

ಚತುರ್ಥ, ಹೊಗೆ: 'ತಿಳಿಸುತ್ತೇವೆ.' ಊರಿನ ಕಟ್ಟೆಯ ಮೇಲೆ 'ಏನಾತೋ ತಮ್ಮಾ, ನೌಕರಿ?' ಎಂದವರಿಗೂ ಅದೇ ಹೊಗೆ.

ಪೂರ್ವಪಕ್ಷ: ಸಂದರ್ಶನ ಅಳೆಯುವುದು ಆತ್ಮವಿಶ್ವಾಸವನ್ನು, ಕೈಕೆಲಸವನ್ನು ಆಮೇಲೆ ಕಲಿಸಬಹುದು.

ಖಂಡನೆ: ಸೋಲಾಪುರದಲ್ಲಿ ತಯಾರಾದ ಕ್ಯಾಮ್‌ಶಾಫ್ಟು ಹೊರದೇಶದ ಕಾರುಗಳಿಗೂ ಹೋಗುತ್ತದೆ. ಅದನ್ನು ಅಳತೆ ನೋಡಿ ತೆಗೆದುಕೊಳ್ಳುತ್ತಾರೆಯೇ ಹೊರತು, ಮುಂದಿನ ಐದು ವರ್ಷದಲ್ಲಿ ಎಲ್ಲಿರುತ್ತೀಯೆಂದು ಯಾರೂ ಕೇಳುವುದಿಲ್ಲ. ಅದನ್ನು ಕಡೆಯುವ ಕೈಗೇಕೆ ಬೇರೆ ನ್ಯಾಯ?

ದೃಷ್ಟಾಂತ: 1974ರಲ್ಲಿ ಪುಣೆಯ ಟೆಲ್ಕೊ ಹುದ್ದೆಯ ಜಾಹೀರಾತು ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲವೆಂದಿತು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ್ದ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿ, ಜೆಆರ್‌ಡಿ ಟಾಟಾರಿಗೆ ಒಂದು ಪೋಸ್ಟ್ ಕಾರ್ಡ್ ಬರೆದು ಇದೇಕೆಂದು ಕೇಳಿದರು. ಸಂದರ್ಶನದ ಕರೆ ಬಂತು, ತಾಂತ್ರಿಕ ಪ್ರಶ್ನೆಗಳಿಗೆ ಉತ್ತರಿಸಿದರು, ನೌಕರಿಯೂ ಸಿಕ್ಕಿತು. ಇಲ್ಲಿ ಮೊದಲ ಪ್ರಶ್ನೆ ಅಭ್ಯರ್ಥಿಯದು ಎಂಬುದನ್ನು ಶಾಸ್ತ್ರಜ್ಞರು ಗಮನಿಸಬೇಕು.

ನಿರ್ಣಯ: ಸಮಿತಿಯವರೇ, ಅಕ್ಕಲಕೋಟೆಯ ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿ ಆತ್ಮಚರಿತ್ರೆ ಕೇಳಬೇಡಿ. ಕೆಟ್ಟು ನಿಂತ ಎಂಜಿನ್ ಮುಂದೆ ನಿಲ್ಲಿಸಿ, ಕೈಗೆ ಪಾನಾ ಕೊಡಿ. ಶುರುವಾದರೆ ಆ ಸದ್ದನ್ನೇ ಉತ್ತರವೆಂದು ಬರೆದುಕೊಳ್ಳಿ.