ದಸರಾ ಆನೆಯ ನಂಬರೆಷ್ಟು?

ನಮ್ಮಂಥ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಗ್ರಂಥಪಾಲಕರು ಇರುವುದಿಲ್ಲ. ಲೈಬ್ರರಿ ಇನ್‌ಚಾರ್ಜ್ ಇರುತ್ತಾರೆ. ವರ್ಷದ ಮೊದಲ ಸ್ಟಾಫ್ ಮೀಟಿಂಗಿನಲ್ಲಿ ಬಿಸಿಯೂಟ, ಕ್ರೀಡೆ, ಪ್ರತಿಭಾ ಕಾರಂಜಿ ಎಲ್ಲ ಹಂಚಿ ಮುಗಿದ ಮೇಲೆ ಎಲೆಯ ತುದಿಯಲ್ಲಿ ಉಳಿಯುವುದು ಲೈಬ್ರರಿ. ಆ ಹೊತ್ತಿಗೆ ಫೋನ್ ಬಂತೆಂದು ಹೊರಗೆ ಎದ್ದು ಹೋದವರ ತಲೆಗೆ ಅದನ್ನು ಕಟ್ಟುತ್ತಾರೆ. ಯಾರೂ ಎದ್ದು ಹೋಗದಿದ್ದರೆ ಕನ್ನಡ ಮೇಷ್ಟ್ರು ಇದ್ದೇ ಇರುತ್ತಾರಲ್ಲ. ಹಾಗೆ ನನ್ನ ಪಾಲಿಗೆ ಬಂದದ್ದು ಕಬ್ಬಿಣದ ಬೀರುಗಳು, ಒಂದು ಬೀಗದ ಕೈ ಗೊಂಚಲು ಮತ್ತು ಮೂಲೆ ಮಡಿಸಿದ ಒಂದು ಸ್ಟಾಕ್ ರಿಜಿಸ್ಟರ್.

ಸ್ಟಾಕ್ ರಿಜಿಸ್ಟರಿನ ನ್ಯಾಯ ಬಲು ಸರಳ. ಮೊದಲು ಬಂದ ಪುಸ್ತಕಕ್ಕೆ ಮೊದಲ ನಂಬರು. ಹೀಗಾಗಿ ಕೋಳಿ ಸಾಕಣೆಯ ಕೈಪಿಡಿ ಗಾಂಧೀಜಿಯವರ ಅಹಿಂಸೆಗೆ ಒರಗಿಕೊಂಡು ವರ್ಷಗಟ್ಟಲೆ ನಿಂತಿತ್ತು. ಯಾವ ಪುಸ್ತಕ ಎಲ್ಲಿದೆ ಎಂಬುದು ಇನ್‌ಚಾರ್ಜ್ ಮೇಷ್ಟ್ರಿಗೆ ಮಾತ್ರ ಗೊತ್ತು. ಅವರಿಗೆ ವರ್ಗವಾದರೆ ಕ್ಯಾಟಲಾಗೂ ಅವರ ತಲೆಯೊಳಗೆ ಕೂತು ಬಸ್ಸು ಹತ್ತುತ್ತದೆ.

ಇದಕ್ಕೆ ನಮ್ಮ ಇಲಾಖೆಯನ್ನೊಂದೇ ಬಯ್ಯುವ ಹಾಗಿಲ್ಲ. ಒಂದೂವರೆ ಶತಮಾನದ ಹಿಂದೆ ಅಮೆರಿಕದಲ್ಲೂ ಬಹಳ ಕಡೆ ನಂಬರು ಇರುತ್ತಿದ್ದುದು ಬೀರುವಿಗೆ, ಅದರ ಅಟ್ಟಣೆಗೆ. 1876ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ಲೈಬ್ರರಿಯಲ್ಲಿದ್ದ, ಇನ್ನೂ ಇಪ್ಪತ್ತೈದು ತುಂಬದ ಮೆಲ್ವಿಲ್ ಡ್ಯೂಯಿ ನಂಬರನ್ನು ಬೀರುವಿನಿಂದ ಕಿತ್ತು ಪುಸ್ತಕದ ವಿಷಯಕ್ಕೆ ಅಂಟಿಸಿದ. ಜಗತ್ತಿನ ತಿಳಿವಳಿಕೆಯನ್ನೆಲ್ಲ ಹತ್ತು ಭಾಗ ಮಾಡಿ 000ದಿಂದ 999ರೊಳಗೆ ಕೂರಿಸಿದ. ಬೀರು ತುಂಬಿದರೆ ಪಕ್ಕದ ಬೀರುವಿಗೆ ಸರಿಸಿದರಾಯಿತು, ನಂಬರು ಬದಲಾಗದು. ಸಮಯ ಉಳಿಸುವ ಹುಚ್ಚಿನಲ್ಲಿ ತನ್ನ ಹೆಸರಿನ ಕೊನೆಯ ಇಂಗ್ಲಿಷ್ ಅಕ್ಷರಗಳನ್ನೇ ಕತ್ತರಿಸಿಕೊಂಡವನು ಅವನು. ಅಂಥವನು ಬೀರುವನ್ನು ಬಿಟ್ಟಾನೆಯೇ?

ನಾನು ಏಳನೇ ತರಗತಿಯವರನ್ನು ಕರೆದು, ಪುಸ್ತಕಗಳನ್ನೆಲ್ಲ ಜಮಖಾನೆಯ ಮೇಲೆ ಸುರಿದು, ಡ್ಯೂಯಿಯ ಹತ್ತು ಭಾಗಗಳನ್ನು ಬೋರ್ಡಿನ ಮೇಲೆ ಬರೆದು, ಯಾವುದು ಎಲ್ಲಿಗೆ ಹೋಗಬೇಕೋ ನೀವೇ ವಿಂಗಡಿಸಿ ಎಂದೆ. ಒಂದು ಪೀರಿಯಡ್ಡಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯೇ ಬದಲಾಯಿತು. ‘ಮರಳಿ ಮಣ್ಣಿಗೆ’ ಕೃಷಿಗೆ ಹೋಯಿತು. ‘ಚೋಮನ ದುಡಿ’ ವಾದ್ಯಗಳ ಜೊತೆ ಸೇರಿತು. ‘ಗೃಹಭಂಗ’ವನ್ನು ಕಟ್ಟಡ ನಿರ್ಮಾಣದಲ್ಲಿಟ್ಟ ಹುಡುಗನ ತಂದೆ ಗಾರೆ ಕೆಲಸದವರು, ಅವನ ಆಯ್ಕೆಯನ್ನು ತಳ್ಳಿಹಾಕಲು ಧೈರ್ಯ ಬೇಕು. ‘ಜುಗಾರಿ ಕ್ರಾಸ್’ ಬಸ್ ಸ್ಟಾಪೆಂದು ಸಾರಿಗೆಗೆ ಹೋಯಿತು. ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಮನಶ್ಶಾಸ್ತ್ರದ 150ರಲ್ಲಿ ಕೂತಿತ್ತು. ಅದು ಕಾರಂತರ ಆತ್ಮಕಥೆ ಕಣೋ, 920ರ ಕಡೆ ಹೋಗಬೇಕು ಎಂದರೆ, ‘ಹಂಗಂತ ಮೇಲೆ ಬರ್ದಿಲ್ವಲ್ಲ ಸಾರ್’ ಎಂಬ ಉತ್ತರ ಬಂತು. ಹೆಸರು ನೋಡಿ ನಂಬರು ಕೊಡಬೇಡಿ, ಒಳಗೆ ಇಣುಕಿ ನೋಡಿ ಎಂಬುದು ಈ ವಿದ್ಯೆಯ ಮೊದಲ ಪಾಠ. ಅದನ್ನು ಬಾಯಲ್ಲಿ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇಣುಕಿದ ಮೇಲೆ ಕೆಲವರು ಅಲ್ಲೇ ಓದುತ್ತ ಕೂತರು, ವಿಂಗಡಣೆ ಅಲ್ಲಿಗೆ ನಿಂತಿತು.

ಕಾರಂತರು ಈ ಪಾಠಕ್ಕೆ ಹೇಳಿ ಮಾಡಿಸಿದ ಲೇಖಕರು. ‘ಬಾಲಪ್ರಪಂಚ’ ವಿಶ್ವಕೋಶವಾದ್ದರಿಂದ 030ಕ್ಕೆ, ‘ವಿಜ್ಞಾನ ಪ್ರಪಂಚ’ 500ಕ್ಕೆ, ‘ಯಕ್ಷಗಾನ ಬಯಲಾಟ’ 792ಕ್ಕೆ, ಕಾದಂಬರಿಗಳು 800ಕ್ಕೆ, ಯೂರೋಪು ಸುತ್ತಿದ ‘ಅಪೂರ್ವ ಪಶ್ಚಿಮ’ 914ಕ್ಕೆ. ಅವರೊಬ್ಬರನ್ನೇ ಬೆನ್ನು ಹತ್ತಿದರೆ ಡ್ಯೂಯಿಯ ರಾಜ್ಯದ ಅರ್ಧ ಸುತ್ತಿ ಬಂದಂತೆ.

ನಿಜವಾದ ಜಗಳ ಶುರುವಾದದ್ದು ಚುಕ್ಕಿಯಿಂದ. ಆನೆ 599.67, ಹುಲಿ ಸಿಂಹಗಳ ಮಾಂಸಾಹಾರಿ ಬಳಗ 599.7. ಯಾವುದು ಮೊದಲು? ‘ಏಳಕ್ಕಿಂತ ಅರವತ್ತೇಳು ದೊಡ್ಡದು ಸಾರ್’ ಎಂದು ಹುಲಿಯನ್ನು ಮುಂದೆ ತಂದರು. ಅವರು ಕಂಡ ದಶಮಾಂಶವೆಲ್ಲ ಟಿ.ವಿ.ಯ ಮೂಲೆಯ ಓವರ್ ಲೆಕ್ಕ. 19.5 ಆದ ಮೇಲೆ ಒಂದು ಬಾಲು ಹಾಕಿದರೆ 20. ‘599.6 ಆದ್ಮೇಲೆ 600 ಅಲ್ವಾ ಸಾರ್, ಓವರ್ ಮುಗೀತಲ್ಲ’ ಎಂದು ಒಬ್ಬ ಕೇಳಿದ. ಕ್ರಿಕೆಟ್ಟಿನ ಚುಕ್ಕಿ ದಶಮಾಂಶವೇ ಅಲ್ಲ ಎಂದು ತಿಳಿಸಿಕೊಡಲು ಗಣಿತದ ಮೇಡಮ್ಮರನ್ನು ಕರೆಸಬೇಕಾಯಿತು. ಅವರು ಒಂದೇ ಮಾತಿನಲ್ಲಿ ಮುಗಿಸಿದರು: ‘ಚುಕ್ಕಿ ಆದ್ಮೇಲೆ ಅರವತ್ತೇಳು ಅಂತ ಓದಬೇಡ್ರೋ. ಆರು, ಏಳು ಅಂತ ಬಿಡಿಬಿಡಿಯಾಗಿ ಓದ್ರಿ.’ ಆನೆ ಹುಲಿಗಿಂತ ಮುಂದೆ ಬಂತು. ಲೈಬ್ರರಿಯ ನೆಪದಲ್ಲಿ ದಶಮಾಂಶ ಕಲಿತರೆಂದು ಮೇಡಮ್ಮರು ಈಗ ನಮ್ಮ ಪೀರಿಯಡ್ಡನ್ನೇ ಆಗಾಗ ಕೇಳಿ ತೆಗೆದುಕೊಳ್ಳುತ್ತಾರೆ.

ಹಸುವಿನದು ಇನ್ನೊಂದು ಕಥೆ. ಕಾಡುಪ್ರಾಣಿಗಳೆಲ್ಲ 590ರಲ್ಲಿ, ವಿಜ್ಞಾನದ ಮಡಿಲಲ್ಲಿ. ಹಟ್ಟಿಯ ಹಸು ಮಾತ್ರ 636.2, ಅಂದರೆ 600ರ ಕೆಳಗೆ, ತಂತ್ರಜ್ಞಾನದಲ್ಲಿ. ‘ನಮ್ ಗೌರಿ ತಂತ್ರಜ್ಞಾನವಾ ಸಾರ್?’ ಎಂದು ಕೇಳಿದಳು, ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರುವ ಹುಡುಗಿ. ಸಾಕುವುದು, ಉಳುವುದು, ಅಡುಗೆ ಮಾಡುವುದು ಎಲ್ಲ ಡ್ಯೂಯಿಗೆ ಮನುಷ್ಯ ಕೈಯಾಡಿಸಿದ ವಿದ್ಯೆಗಳು. ಅಡುಗೆಯ 641.5 ಕೂಡ ಅಲ್ಲಿಯೇ. ಹಾಗಾದರೆ ದಸರಾ ಆನೆ? ತರಗತಿ ಎರಡು ಪಕ್ಷವಾಯಿತು. ಕಾಡಿಂದ ಬಂದದ್ದು, 599 ಎಂದಿತು ಒಂದು. ಮಾವುತ ಹೇಳಿದ ಹಾಗೆ ಕೇಳುತ್ತೆ, 636 ಎಂದಿತು ಇನ್ನೊಂದು. ಹಬ್ಬ ಹರಿದಿನಗಳಿಗೇ 394.26 ಎಂಬ ನಂಬರಿದೆಯೆಂದು ನಾನು ಬಾಯಿಬಿಟ್ಟದ್ದೇ ತಡ, ಮೂರನೆಯ ಪಕ್ಷ ಹುಟ್ಟಿತು. ಎಲ್ಲರದೂ ಸರಿ. ನಂಬರು ಆನೆಗಲ್ಲ, ಪುಸ್ತಕ ಆನೆಯ ಬಗ್ಗೆ ಏನು ಹೇಳುತ್ತದೋ ಅದಕ್ಕೆ.

ಡ್ಯೂಯಿಯ ಮೇಲೆ ನನಗೂ ಒಂದೆರಡು ತಕರಾರುಗಳಿವೆ. 200 ಧರ್ಮದ್ದು. ಅದರಲ್ಲಿ 220ರಿಂದ 289ರವರೆಗೆ ಕ್ರೈಸ್ತರಿಗೆ ಬರೆದುಕೊಟ್ಟು, ಮಿಕ್ಕ ಧರ್ಮಗಳನ್ನೆಲ್ಲ 290ರ ಒಂದೇ ಚಾವಡಿಯಲ್ಲಿ ಮಲಗಿಸಿದ್ದಾನೆ. ಹಿಂದೂ ಧರ್ಮ ಅಲ್ಲಿ 294.5. ಇನ್ನು ಕನ್ನಡ ಸಾಹಿತ್ಯ 894.814. ಹಿಂದಿ, ಸಂಸ್ಕೃತ ಎಲ್ಲ 891ರಲ್ಲಿ. ನಾವು 894ರಲ್ಲಿ ತುರ್ಕಿ, ಹಂಗೇರಿ, ಫಿನ್ಲೆಂಡಿನವರ ಜೊತೆ ಒಂದೇ ಪಂಕ್ತಿ. ಕುವೆಂಪು ಅವರ ನೆರೆಮನೆಯವರು ಹಂಗೇರಿಯ ಕವಿಗಳು ಎಂದಾಗ ಮಕ್ಕಳು ಭೂಪಟ ತಂದು ಹಂಗೇರಿ ಹುಡುಕಿದರು. ಈ ಉಪಕಾರಕ್ಕೆ ಡ್ಯೂಯಿಯನ್ನು ಅರ್ಧ ಕ್ಷಮಿಸಿದ್ದೇನೆ.

ದಸರಾ ಆನೆಯ ಮೂರೂ ಪಕ್ಷಗಳನ್ನು ಒಟ್ಟಿಗೆ ಕೂರಿಸುವ ದಾರಿ ಹುಡುಕಿದವರು ನಮ್ಮವರೇ, ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದು, 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಲೈಬ್ರೇರಿಯನ್ ಆದವರು. ಲಂಡನ್ನಿನ ಅಂಗಡಿಯೊಂದರಲ್ಲಿ ತುಂಡುಗಳನ್ನು ಜೋಡಿಸಿ ಬೇಕಾದ್ದನ್ನು ಕಟ್ಟುವ ಮೆಕ್ಯಾನೊ ಆಟಿಕೆ ನೋಡಿ, ವಿಷಯವನ್ನೂ ಹೀಗೇ ಜೋಡಿಸಬಹುದಲ್ಲ ಎಂದುಕೊಂಡರು. 1933ರಲ್ಲಿ ಕೋಲನ್ ವರ್ಗೀಕರಣ ಬಂತು. ಪ್ರಾಣಿ, ಅದರ ಕೆಲಸ, ಊರು, ಕಾಲ ಎಲ್ಲಕ್ಕೂ ಒಂದೊಂದು ಗುರುತು, ಬೇಕಾದ್ದನ್ನು ಪೋಣಿಸಿಕೊಳ್ಳಿ. ಡ್ಯೂಯಿಗಿಂತ ಇದೇ ಜಾಣತನದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ನಮ್ಮ ಪುಸ್ತಕಗಳ ಬೆನ್ನು ಅಷ್ಟು ಅಗಲವಿಲ್ಲ. ರಂಗನಾಥನ್ ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದು, 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ ಎಂಬುದು. ಪುಸ್ತಕ ಕಳೆದರೆ ಸಂಬಳಕ್ಕೆ ಕತ್ತರಿ ಬಿದ್ದೀತೆಂದು ಬೀಗ ಜಡಿಯುವ ಇನ್‌ಚಾರ್ಜುಗಳು ಇದನ್ನು ಓದಿದಂತಿಲ್ಲ.

ನಾವು ಬೀಗ ತೆಗೆದೆವು. ಈಗಿನ ತೊಂದರೆ ಬೇರೆ. ಮಕ್ಕಳು ಪುಸ್ತಕ ಕದಿಯುವುದಿಲ್ಲ, ವಾಪಸ್ಸು ಇಡುತ್ತಾರೆ. ಅಚ್ಚುಕಟ್ಟಿನ ಹುಡುಗಿಯೊಬ್ಬಳು ಒಂದಿಡೀ ಬೀರುವನ್ನು ಎತ್ತರದ ಪ್ರಕಾರ ಜೋಡಿಸಿ, ‘ಪ್ರೇಯರ್‌ಗೆ ನಮ್ಮನ್ನ ಹೀಗೇ ನಿಲ್ಲಿಸ್ತೀರಲ್ಲ ಸಾರ್’ ಎಂದಳು. ತಪ್ಪು ಜಾಗಕ್ಕೆ ಸೇರಿದ ಪುಸ್ತಕ ಕಳೆದುಹೋದ ಪುಸ್ತಕಕ್ಕಿಂತ ಕಷ್ಟ. ಕಳೆದದ್ದನ್ನು ರಿಜಿಸ್ಟರಿನಲ್ಲಾದರೂ ಹೊಡೆದುಹಾಕಬಹುದು. ಆದ್ದರಿಂದ ನೀವು ಯಾವ ಊರಿನ ಯಾವ ಲೈಬ್ರರಿಗೆ ಹೋದರೂ ಬೇಕಾದಷ್ಟು ಪುಸ್ತಕ ಹಿರಿದು ನೋಡಿ, ಓದಿ. ಓದಿದ ಮೇಲೆ ಮಾತ್ರ ದಯವಿಟ್ಟು ನೀವೇ ಬೀರುವಿಗೆ ಸೇರಿಸಬೇಡಿ, ಮೇಜಿನ ಮೇಲೆ ಬಿಟ್ಟು ಹೋಗಿ.